ಗಾಳಿಗೆ ಹಾರಿದ ಶೀಟಿನ ಮಾಡು: ಮತ್ತೆ ಹಾಕಿಸುವುದು ಹೇಗೆ?

ಸುರತ್ಕಲ್‌ನಿಂದ ಕಾರವಾರದವರೆಗೆ ಹೆದ್ದಾರಿಯ ಇಕ್ಕೆಲಗಳಲ್ಲಿ ಕಾಣುವ ಎಷ್ಟೋ ಮನೆಗಳಿಗೆ ಈಗ ಎರಡೆರಡು ಮಾಡು, ಅಂದರೆ ಚಾವಣಿ. ಕೆಳಗೆ ಆರ್‌ಸಿಸಿ ಟೆರೇಸು, ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಹೊದಿಸಿದ ನೀಲಿಯೋ ಕೆಂಪೋ ಬಣ್ಣದ ಶೀಟು. ಸೋರುವ ಟೆರೇಸಿಗೆ ನಮ್ಮವರು ಕಂಡುಕೊಂಡ ಮದ್ದು ಇದು. ಬಟ್ಟೆ, ಅಡಿಕೆ, ಹಪ್ಪಳ ಒಣಗಿಸಲು ಜಾಗವೂ ಆಯಿತು. ಮದ್ದಿನ ಬಗ್ಗೆ ನನ್ನ ತಕರಾರಿಲ್ಲ, ಅದನ್ನು ಹಾಕುವ ರೀತಿಯ ಬಗ್ಗೆ ಇದೆ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಗೆ ಅಪ್ಪಳಿಸಲಿಲ್ಲ. ಸಮುದ್ರದಲ್ಲೇ ಬದಿಗೆ ಹಾದು ಗುಜರಾತಿಗೆ ಹೋಯಿತು. ಅಷ್ಟಕ್ಕೇ ಇಲ್ಲಿ ಮಾಡುಗಳು ಎದ್ದವು, ತೆಂಗಿನಮರಗಳು ಉರುಳಿದವು. ಮರುವಾರವೇ ಜನ ಅದೇ ವೆಲ್ಡರನ್ನು ಕರೆಸಿ, ಸೊಟ್ಟಗಾದ ಅದೇ ಪೈಪನ್ನು ನೆಟ್ಟಗೆ ಮಾಡಿಸಿ, ಅದೇ ಅಳತೆಯ ಸ್ಕ್ರೂ ಹಾಕಿಸಿ, ಶೀಟು ಮಾತ್ರ ಹೊಸದು ತಂದರು. ಒಂದೇ ಮಾಡಿಗೆ ಮೂರು ಸಲ ದುಡ್ಡು ಸುರಿದವರು ನನಗೆ ಗೊತ್ತು. ಎರಡನೆಯ ಸಲವೇ ಸರಿಯಾಗಿ ಹಾಕಿಸಿ ಮುಗಿಸುವುದು ಹೇಗೆ ಎನ್ನುವುದಷ್ಟೇ ಇಲ್ಲಿನ ವಿಷಯ.

ಒಂದು: ಗುಡಿಸುವ ಮುನ್ನ ಫೋಟೊ

ವಿದ್ಯುತ್ ತಂತಿಯ ಮೇಲೆ ಶೀಟು ಬಿದ್ದಿದ್ದರೆ ಅದರ ಹತ್ತಿರ ಹೋಗಬೇಡಿ, ಮೆಸ್ಕಾಂಗೋ ಹೆಸ್ಕಾಂಗೋ ಫೋನು ಮಾಡಿ. ಉಳಿದದ್ದನ್ನೂ ಮುಟ್ಟುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ನಮ್ಮವರ ಅಚ್ಚುಕಟ್ಟು ಇಲ್ಲಿ ಕೈಕೊಡುತ್ತದೆ. ಗಾಳಿ ನಿಂತ ಒಂದು ಗಂಟೆಯೊಳಗೆ ಅಂಗಳ ಗುಡಿಸಿ, ಮುರಿದ ಶೀಟನ್ನು ಗುಜರಿಯವನಿಗೆ ಕೊಟ್ಟಾಗಿರುತ್ತದೆ. ಆಮೇಲೆ ಬಂದ ಅಧಿಕಾರಿಗೆ ತೋರಿಸಲು ಬಯಲು ಟೆರೇಸು ಬಿಟ್ಟು ಏನೂ ಇರುವುದಿಲ್ಲ. ಮನೆಯ ಪೂರ್ತಿ ನೋಟ, ಮಾಡು ಕಿತ್ತ ಜಾಗ, ಬಿದ್ದ ಶೀಟು ಇವುಗಳ ಜೊತೆಗೆ ಕಂಬದ ಬುಡವನ್ನೂ ಹತ್ತಿರದಿಂದ ತೆಗೆಯಿರಿ. ಬುಡದ ಫೋಟೊ ಪರಿಹಾರಕ್ಕೆ ಮಾತ್ರವಲ್ಲ, ಮುಂದೆ ವೆಲ್ಡರ್ ಜೊತೆ ಜಗಳವಾಡುವಾಗಲೂ ಬೇಕಾಗುತ್ತದೆ. ಮಳೆ ಬರುತ್ತಿದ್ದರೆ ಫೋಟೊ ತೆಗೆದ ಮೇಲೆ ಟಾರ್ಪಾಲು ಹೊದಿಸಿ. ತಾತ್ಕಾಲಿಕ ರಕ್ಷಣೆಗೆ ಖರ್ಚು ಮಾಡಿದ ರಸೀದಿ ಇಟ್ಟುಕೊಳ್ಳಿ.

ಎರಡು: ಸರ್ಕಾರ ಮತ್ತು ವಿಮೆ

ಗ್ರಾಮ ಆಡಳಿತಾಧಿಕಾರಿಗೂ ಪಂಚಾಯಿತಿಗೂ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪರಿಹಾರದ ಮೇಲೆ ಹೆಚ್ಚು ಭರವಸೆ ಬೇಡ. ವಿಪತ್ತು ಪರಿಹಾರ ನಿಧಿಯ 2022–26ರ ಮಾರ್ಗಸೂಚಿಯಂತೆ ಪಕ್ಕಾ ಮನೆಗೆ ಭಾಗಶಃ ಹಾನಿಯಾದರೆ, ಅದೂ ಕನಿಷ್ಠ ಶೇ 15ರಷ್ಟು ಹಾನಿಯಾಗಿದ್ದರೆ, ಸಿಗುತ್ತಿದ್ದದ್ದು 6,500 ರೂಪಾಯಿ. ಮನೆ ಪೂರ್ತಿ ಬಿದ್ದರೆ ಬಯಲು ಪ್ರದೇಶದಲ್ಲಿ 1.2 ಲಕ್ಷ. ರಾಜ್ಯ ಸರ್ಕಾರ ಕೆಲವೊಮ್ಮೆ ತನ್ನ ಪಾಲು ಸೇರಿಸುತ್ತದೆ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ಎಂದು ಘೋಷಿಸಿತ್ತು. ಅದನ್ನು ನಂಬಿಕೊಂಡು ಸಾಲ ಮಾಡುವುದು ಜಾಣತನವಲ್ಲ.

ವಿಮೆಯ ವಿಷಯ ಬೇರೆ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ನಮೂನೆಯ ಪಾಲಿಸಿ ಕೊಡಬೇಕು. ಚಂಡಮಾರುತ, ಬಿರುಗಾಳಿ, ನೆರೆ ಎಲ್ಲವೂ ಅದರಲ್ಲಿ ಸೇರಿವೆ. ಕಾಂಪೌಂಡ್ ಗೋಡೆ, ನೀರಿನ ಟ್ಯಾಂಕು, ಸೌರಫಲಕಗಳೂ ಕಟ್ಟಡದ ಲೆಕ್ಕಕ್ಕೇ ಬರುತ್ತವೆ. ಅವಶೇಷ ತೆಗೆಸುವ ಖರ್ಚು ಕ್ಲೈಮಿನ ಶೇ 2ರವರೆಗೆ, ಎಂಜಿನಿಯರ್ ಶುಲ್ಕ ಶೇ 5ರವರೆಗೆ ಸಿಗುತ್ತದೆ. ಈ ಎರಡನ್ನು ಕೇಳಿ ಪಡೆಯುವವರನ್ನು ಕಂಡದ್ದು ಕಡಿಮೆ.

ಕಡಲ ಅಂಚಿನಲ್ಲಿರುವವರು ಒಂದು ಸಾಲನ್ನು ಎರಡು ಸಲ ಓದಿಕೊಳ್ಳಬೇಕು: ಕಡಲ್ಕೊರೆತದಿಂದಾದ ಹಾನಿಗೆ ಈ ಪಾಲಿಸಿ ಹಣ ಕೊಡುವುದಿಲ್ಲ. ಉಳ್ಳಾಲ, ಸೋಮೇಶ್ವರದ ಕಡೆ ಗಾಳಿ ಮಾಡನ್ನು ಎತ್ತಿದ ದಿನವೇ ಅಲೆ ಪಂಚಾಂಗದ (ಅಡಿಪಾಯದ) ಮಣ್ಣನ್ನು ಕೊಚ್ಚಿರುತ್ತದೆ. ಅರ್ಜಿಯಲ್ಲಿ ‘ಸಮುದ್ರ ಬಂದು ಮನೆ ಹೋಯಿತು’ ಎಂದು ಒಂದೇ ಉಸಿರಿನಲ್ಲಿ ಬರೆದರೆ, ಗಾಳಿಗೆ ಹೋದ ಮಾಡಿನ ಹಣಕ್ಕೂ ಕಲ್ಲು ಬೀಳುತ್ತದೆ. ಗಾಳಿಯಿಂದ ಆದದ್ದು, ಮಳೆನೀರು ಒಳಬಂದು ಆದದ್ದು, ಅಲೆಯಿಂದ ಆದದ್ದು ಎಂದು ಮೂರಾಗಿ ಬಿಡಿಸಿ ಬರೆಯಿರಿ. ಸುಳ್ಳು ಬರೆಯಬೇಕಾಗಿಲ್ಲ, ಕಲಸುಮೇಲೋಗರ ಮಾಡದಿದ್ದರೆ ಸಾಕು. ಕ್ಲೈಮು ತಿರಸ್ಕೃತವಾದರೆ ವಿಮಾ ಲೋಕಪಾಲರಿಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ‘ಕ್ಲೈಮು ನಾನು ಮಾಡಿಸಿಕೊಡುತ್ತೇನೆ, ಇಷ್ಟು ಪರ್ಸೆಂಟ್ ಕೊಡಿ’ ಎಂದು ಮನೆಬಾಗಿಲಿಗೆ ಬರುವವರನ್ನು ಗೇಟಿನಾಚೆಯಿಂದಲೇ ಕಳುಹಿಸಿ.

ಮೂರು: ಕೊಟೇಶನ್

ಚದರ ಅಡಿಗೆ ಇಷ್ಟು ಎನ್ನುವ ಕೊಟೇಶನ್ನನ್ನು ಒಪ್ಪಲೇಬೇಡಿ. ಆ ಒಂದು ಅಂಕಿಯ ಹಿಂದೆ ತೆಳ್ಳಗಿನ ಪೈಪು, ಅಗ್ಗದ ಸ್ಕ್ರೂ, ಇಲ್ಲದ ಬೋಲ್ಟು ಎಲ್ಲವೂ ಅಡಗಿ ಕುಳಿತಿರುತ್ತವೆ. ಪೈಪು ಎಷ್ಟು ಕೆ.ಜಿ., ಆ ಪೈಪಿನ ಗೋಡೆಯ ದಪ್ಪ ಎಷ್ಟು ಮಿಲಿಮೀಟರ್, ಶೀಟಿನ ದಪ್ಪ ಬಣ್ಣ ಬಿಟ್ಟು ಎಷ್ಟು, ಪ್ರತಿ ಕಂಬದ ಬುಡಕ್ಕೆ ಎಷ್ಟು ಬೋಲ್ಟು ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ‘0.5 ಶೀಟು’ ಎಂದು ಮಾರುವ ಹಲವರು ಬಣ್ಣ ಮತ್ತು ಸತುವಿನ ಲೇಪವನ್ನೂ ಸೇರಿಸಿ ಹೇಳುತ್ತಾರೆ, ಒಳಗಿನ ಉಕ್ಕು ಅದಕ್ಕಿಂತ ತೆಳು. ಶೀಟಿನ ಅಡಿಭಾಗದಲ್ಲಿ ಕಂಪನಿಯ ಹೆಸರೂ ದಪ್ಪವೂ ಮುದ್ರಿತವಾಗಿಲ್ಲದಿದ್ದರೆ ಅದನ್ನು ಲಾರಿಯಿಂದ ಇಳಿಸಲು ಬಿಡಬೇಡಿ.

ಹೇಗೂ ಮಾಡಿಸುತ್ತಿದ್ದೇವೆ, ಎರಡು ಅಡಿ ದೊಡ್ಡದೇ ಮಾಡಿಸೋಣ ಎಂಬ ಆಸೆ ಈ ಹೊತ್ತಿನಲ್ಲೇ ಹುಟ್ಟುತ್ತದೆ. ಕರಾವಳಿ ನಿಯಂತ್ರಣ ವಲಯದಲ್ಲಿ ಅಧಿಕೃತವಾಗಿ ಇದ್ದ ಮನೆಯನ್ನು ಇದ್ದ ಪಂಚಾಂಗದ ಅಳತೆಯಲ್ಲೇ ದುರಸ್ತಿ ಮಾಡಲು, ಮತ್ತೆ ಕಟ್ಟಲು ಅವಕಾಶವಿದೆ. ಕಟ್ಟಡವನ್ನು ಹಿಗ್ಗಿಸಹೊರಟರೆ ಪರವಾನಗಿಗಾಗಿ ವರ್ಷಗಟ್ಟಲೆ ಓಡಾಡಬೇಕಾದೀತು.

ನಾಲ್ಕು: ಕಟ್ಟಿ ಹಿಡಿಯುವುದು

ಹೆಚ್ಚಿನವರು ಎಡವುವುದು ಇಲ್ಲಿ. ಮಾಡನ್ನು ಹೊತ್ತು ನಿಲ್ಲಿಸುವುದು ಕಂಬದ ಕೆಲಸ ಎಂದು ನಾವು ತಿಳಿದಿದ್ದೇವೆ. ಗಾಳಿಯ ದಿನ ಕಂಬ ಮಾಡಬೇಕಾದದ್ದು ಅದರ ತದ್ವಿರುದ್ಧ ಕೆಲಸ, ಮೇಲಕ್ಕೆ ಹಾರಲು ಹೊರಟ ಮಾಡನ್ನು ಕೆಳಕ್ಕೆ ಎಳೆದು ಹಿಡಿಯಬೇಕು. ಇಳಿಜಾರು ಕಡಿಮೆಯಿರುವ ಶೀಟಿನ ಮೇಲೆ ಗಾಳಿ ಬೀಸಿದಾಗ ಅದು ಮಾಡನ್ನು ಮೇಲಕ್ಕೆ ಹೀರುತ್ತದೆ. ಟೆರೇಸು ನಾಲ್ಕೂ ಕಡೆ ತೆರೆದಿರುವುದರಿಂದ ಅಡಿಯಿಂದಲೂ ನುಗ್ಗಿ ಎತ್ತುತ್ತದೆ.

ಎಷ್ಟು ಬಲದಿಂದ? ಭಾರತೀಯ ಮಾನಕದ ಪ್ರಕಾರ ಮಂಗಳೂರಿನಲ್ಲಿ ಕಟ್ಟಡದ ಲೆಕ್ಕಕ್ಕೆ ಹಿಡಿಯುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿ.ಮೀ. ವಿಶಾಖಪಟ್ಟಣ, ಭುವನೇಶ್ವರಗಳಲ್ಲಿ ಅದು ಸೆಕೆಂಡಿಗೆ 50 ಮೀಟರ್. 39 ಮೀಟರ್ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ 90 ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ಒಂದು ಚದರ ಮೀಟರ್ ಶೀಟಿನ ತೂಕವೋ ಐದು ಕೆ.ಜಿ. ಆಸುಪಾಸು. 1,200 ಚದರ ಅಡಿಯ ಮಾಡಿಗೆ ಸ್ಥೂಲವಾಗಿ ಲೆಕ್ಕ ಹಾಕಿದರೆ ಹತ್ತು ಟನ್ ಎಳೆತ. ಹನ್ನೆರಡು ಕಂಬಗಳಿದ್ದರೆ ಪ್ರತಿ ಬುಡವೂ ಎಂಟುನೂರು ಕೆ.ಜಿ.ಗೂ ಹೆಚ್ಚಿನ ಭಾರವನ್ನು ತಡೆಯಬೇಕು. ಮೂಲೆಯ ಕಂಬಗಳ ಮೇಲೆ ಇದಕ್ಕಿಂತಲೂ ಹೆಚ್ಚು ಎಳೆತ ಬೀಳುತ್ತದೆ.

ಈಗ ನಿಮ್ಮ ಟೆರೇಸಿಗೆ ಹತ್ತಿ ಕಂಬದ ಬುಡ ನೋಡಿ. ಸಾಮಾನ್ಯವಾಗಿ ಕಾಣುವುದು ಮೂರು ಬಗೆ. ಒಂದು, ಪೈಪಿನ ಸುತ್ತ ಒಂದಡಿ ಚೌಕದ ಕಾಂಕ್ರೀಟು ಹಾಕಿ ‘ಗಟ್ಟಿಯಾಗಿದೆ’ ಎಂದದ್ದು. ಒಂದು ಘನ ಅಡಿ ಕಾಂಕ್ರೀಟಿನ ತೂಕ 70 ಕೆ.ಜಿ.ಯೂ ಇಲ್ಲ, ಟೆರೇಸಿಗೆ ಅದರ ಹಿಡಿತವೂ ಇಲ್ಲ. ಗಾಳಿ ಅದನ್ನು ಕಂಬದ ಸಮೇತ ಎತ್ತಿಕೊಂಡು ಹೋಗುತ್ತದೆ. ಎರಡು, ಕೆಂಪುಕಲ್ಲಿನ ಪ್ಯಾರಾಪೆಟ್ ಗೋಡೆಯ ಮೇಲೆ ಕೂರಿಸಿದ್ದು. ಆ ಗೋಡೆಗೂ ಸ್ಲ್ಯಾಬಿಗೂ ನಡುವೆ ಇರುವುದು ತೆಳ್ಳನೆಯ ಗಾರೆ ಮಾತ್ರ. ಮಾಡಿನ ಜೊತೆ ಗೋಡೆಯೂ ಅಂಗಳಕ್ಕೆ ಬೀಳುತ್ತದೆ. ಮೂರು, ಕಂಬದ ಬುಡದ ಕಬ್ಬಿಣದ ತಟ್ಟೆಗೆ (ಬೇಸ್ ಪ್ಲೇಟಿಗೆ) ನಾಲ್ಕು ತೂತು ಕೊರೆದು ಎರಡಕ್ಕೆ ಮಾತ್ರ ಬೋಲ್ಟು ಹಾಕಿ, ಉಳಿದ ಎರಡಕ್ಕೆ ಬಣ್ಣ ಬಳಿದದ್ದು.

ಸರಿಯಾದ ರೀತಿ ಹೀಗೆ. ಕಂಬಗಳು ಕೆಳಗಿನ ಮನೆಯ ಪಿಲ್ಲರ್ ಅಥವಾ ಬೀಮಿನ ನೇರಕ್ಕೇ ಬರಬೇಕು. ನಾಲ್ಕೈದು ಇಂಚಿನ ಸ್ಲ್ಯಾಬಿನ ನಡುವೆ ಬೋಲ್ಟು ಹೊಡೆದರೆ ಹಿಡಿತವೂ ಸಾಲದು, ಸೋರಿಕೆಯೂ ಶುರು. ಮುಂದೆ ಮಹಡಿ ಎತ್ತೋಣ ಎಂದು ಪಿಲ್ಲರಿನ ತುದಿಯಲ್ಲಿ ಬಿಟ್ಟ ಕಂಬಿಗಳು ನಿಮ್ಮ ಟೆರೇಸಿನಲ್ಲಿ ಇದ್ದರೆ ಅದೃಷ್ಟ. ತುಕ್ಕು ಉಜ್ಜಿ, ಆ ಕಂಬಿಗೆ ಹೊಸ ಕಂಬಿ ಕಟ್ಟಿಸಿ, ಒಂದೂವರೆ ಅಡಿ ಎತ್ತರದ ಕಾಂಕ್ರೀಟು ಪೀಠ ಹಾಕಿಸಿ, ಅದರೊಳಗೇ ನಾಲ್ಕು ಬೋಲ್ಟು ಹೂಳಿಸಿ. ಇದಕ್ಕಿಂತ ಒಳ್ಳೆಯ ಹಿಡಿತ ಹಣ ಕೊಟ್ಟರೂ ಸಿಗದು. ಕಂಬಿ ಇಲ್ಲದಿದ್ದರೆ ಬೀಮಿಗೆ ರಂಧ್ರ ಕೊರೆದು, ಧೂಳನ್ನು ಪೂರ್ತಿ ಊದಿ ತೆಗೆದು, ರಾಸಾಯನಿಕ ಅಂಟು ತುಂಬಿ ಬೋಲ್ಟು ಕೂರಿಸುವ ಕೆಮಿಕಲ್ ಆಂಕರ್ ಹಾಕಿಸಿ. ಎಷ್ಟು ಆಳ, ಎಷ್ಟು ದಪ್ಪ ಎಂಬುದನ್ನು ವೆಲ್ಡರ್ ಹೇಳುವುದು ಬೇಡ, ಒಬ್ಬ ಸಿವಿಲ್ ಎಂಜಿನಿಯರ್ ಲೆಕ್ಕ ಹಾಕಿ ಬರೆದುಕೊಡಲಿ. ರಂಧ್ರದ ಧೂಳು ತೆಗೆಯದಿದ್ದರೆ ಅಂಟು ಧೂಳಿಗೆ ಹಿಡಿಯುತ್ತದೆಯೇ ಹೊರತು ಕಾಂಕ್ರೀಟಿಗಲ್ಲ. ಆದ್ದರಿಂದ ಆ ದಿನ ನೀವೇ ಪಕ್ಕದಲ್ಲಿ ನಿಂತಿರಿ.

ಬುಡ ಗಟ್ಟಿಯಾದರೆ ಸಾಲದು. ಕಂಬದಿಂದ ಟ್ರಸ್ಸಿಗೆ (ಮಾಡನ್ನು ಹೊರುವ ತ್ರಿಕೋನ ಚೌಕಟ್ಟಿಗೆ), ಟ್ರಸ್ಸಿನಿಂದ ಅಡ್ಡಪೈಪಿಗೆ, ಅಡ್ಡಪೈಪಿನಿಂದ ಶೀಟಿಗೆ ಹಿಡಿತ ಎಲ್ಲೂ ತಪ್ಪಬಾರದು. 1992ರಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ಆಂಡ್ರ್ಯೂ ಚಂಡಮಾರುತ ಬಡಿದಾಗ ಮಾಡಿನ ಹಲಗೆಗಳು ಎದ್ದುಹೋಗಲು ಒಂದು ಕಾರಣ, ಹೊಡೆದ ಮೊಳೆಗಳು ಕೆಳಗಿನ ಪಕ್ಕಾಸಿಗೆ ತಾಗದೆ ಬರಿ ಗಾಳಿಯಲ್ಲಿ ನಿಂತಿದ್ದದ್ದು. ಅಲ್ಲಿ ಆಮೇಲೆ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಸಂಹಿತೆ ಬಂತು. ಮಾಡನ್ನು ಗೋಡೆಗೆ ಬಿಗಿಯುವ ಲೋಹದ ಪಟ್ಟಿ ಅಲ್ಲಿ ಈಗ ಮಾಮೂಲು. ನಮ್ಮಲ್ಲಿ ಅದೇ ತಪ್ಪು ಸ್ಕ್ರೂವಿನಲ್ಲಿ ನಡೆಯುತ್ತದೆ. ಶೀಟಿನಡಿ ನಿಂತು ಮೇಲೆ ನೋಡಿ, ಅಡ್ಡಪೈಪಿನ ಪಕ್ಕದಲ್ಲಿ ಸ್ಕ್ರೂವಿನ ಮೊನೆ ಹೊಳೆಯುತ್ತಿದ್ದರೆ ಅದು ಪೈಪಿಗೆ ಬಿದ್ದಿಲ್ಲ ಎಂದೇ ಅರ್ಥ.

ಸ್ಕ್ರೂ ಪೈಪಿಗೆ ಬಿದ್ದಿದ್ದರೂ ಇನ್ನೊಂದು ತೊಂದರೆಯಿದೆ. 1974ರ ಕ್ರಿಸ್‌ಮಸ್ ದಿನ ಆಸ್ಟ್ರೇಲಿಯಾದ ಡಾರ್ವಿನ್ ನಗರವನ್ನು ಟ್ರೇಸಿ ಚಂಡಮಾರುತ ನೆಲಸಮ ಮಾಡಿದಾಗ ಎಂಜಿನಿಯರುಗಳು ಕಂಡದ್ದೇನೆಂದರೆ, ಗಾಳಿ ಗಂಟೆಗಟ್ಟಲೆ ಎತ್ತಿ ಬಿಟ್ಟು ಮಾಡಿದ್ದರಿಂದ ಸ್ಕ್ರೂವಿನ ತಲೆಯ ಸುತ್ತ ಶೀಟು ಬಿರುಕುಬಿಟ್ಟು ಹರಿದಿತ್ತು. ಸ್ಕ್ರೂ ತನ್ನ ಜಾಗದಲ್ಲೇ ಉಳಿದು ಶೀಟು ಮಾತ್ರ ಹಾರಿತ್ತು. ಬಟ್ಟೆಯ ಗುಂಡಿ ದಾರದಲ್ಲಿ ಉಳಿದು ಅಂಗಿ ಹರಿದಂತೆ. ಅದಕ್ಕೇ ಸ್ಕ್ರೂವಿನ ತಲೆಯಡಿ ಅಗಲವಾದ ವಾಷರ್ ಬೇಕು. ಸೂರಿನಂಚು, ಮಾಡಿನ ನೆತ್ತಿ ಮತ್ತು ಎರಡು ಕೊನೆಗಳಲ್ಲಿ ಶೀಟಿನ ಪ್ರತಿ ಏಣಿಗೂ (ಉಬ್ಬಿದ ಸಾಲಿಗೂ) ಒಂದೊಂದು ಸ್ಕ್ರೂ ಹಾಕಿಸಿ. ನಡುವೆ ಏಣು ಬಿಟ್ಟು ಏಣಿಗೆ ಹಾಕಿದರೂ ನಡೆದೀತು. ಈ ಹೆಚ್ಚುವರಿ ಸ್ಕ್ರೂ, ವಾಷರುಗಳ ಖರ್ಚು ಒಟ್ಟು ಮಾಡಿನ ಖರ್ಚಿನಲ್ಲಿ ತೀರಾ ಚಿಕ್ಕ ಪಾಲು. ಚೌಕಾಸಿ ಮಾಡುವುದಿದ್ದರೆ ಶೀಟಿನ ಬಣ್ಣದಲ್ಲಿ ಮಾಡಿ.

ಡ್ರಿಲ್ಲಿಗೆ ಬದಲು ಸುತ್ತಿಗೆಯಿಂದ ಸ್ಕ್ರೂ ಬಡಿಯುವ ಕೆಲಸಗಾರರನ್ನು ಕೆಳಗಿಳಿಸಿ. ಅತಿಯಾಗಿ ಬಿಗಿದರೂ ರಬ್ಬರು ವಾಷರ್ ಹಿಸುಕಿ ಹೊರಬಂದು ನೀರು ಇಳಿಯುತ್ತದೆ. ಅದರ ಮೇಲೆ ಸಿಲಿಕಾನ್ ಅಂಟು ಮೆತ್ತುವುದು ದುರಸ್ತಿಯಲ್ಲ, ಮುಂದಿನ ಬೇಸಗೆಯ ಬಿಸಿಲಿಗೆ ಅದು ಸಿಪ್ಪೆಯಂತೆ ಏಳುತ್ತದೆ.

ವೆಲ್ಡ್ ಮಾಡಿದ ಜಾಗದಲ್ಲಿ ಸತುವಿನ ಲೇಪ ಸುಟ್ಟುಹೋಗಿರುತ್ತದೆ. ಕಡಲಿನ ಉಪ್ಪುಗಾಳಿ ತುಕ್ಕನ್ನು ಶುರುಮಾಡುವುದು ಅಲ್ಲಿಂದಲೇ. ಪ್ರತಿ ಜೋಡಣೆಗೂ ಸತು ಹೆಚ್ಚಿರುವ ಬಣ್ಣವನ್ನು ಎರಡು ಕೈ ಬಳಿಸಿ. ಪೈಪಿನ ತುದಿಗಳಿಗೆ ಮುಚ್ಚಳ ಬೆಸೆಸಿ, ಇಲ್ಲವಾದರೆ ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ಪೈಪು ತಿಂದುಹೋಗಿರುತ್ತದೆ.

ಐದು: ಉಳಿದವು

ಸೂರು ಗೋಡೆಯಿಂದ ಒಂದೂವರೆ ಅಡಿಗಿಂತ ಹೆಚ್ಚು ಚಾಚದಿರಲಿ. ಎರಡು ಇಳಿಜಾರಿನ ಮಾಡಿಗಿಂತ ನಾಲ್ಕೂ ಕಡೆ ಇಳಿಯುವ ಮಾಡು ಗಾಳಿಗೆ ಹೆಚ್ಚು ತಡೆಯುತ್ತದೆ; ಹಣವಿದ್ದರೆ ಅದನ್ನೇ ಮಾಡಿಸಿ. ಮಳೆಯ ಎರಚಲು ತಪ್ಪಿಸಲು ಮೂರು ಕಡೆ ಶೀಟು ಮುಚ್ಚಿ ಪಡುವಣ ದಿಕ್ಕನ್ನು ತೆರೆದಿಡುವುದು ಗಾಳಿಗೆ ಚೀಲ ಹಿಡಿದಂತೆಯೇ, ಬೇಡ. ಫೈಬರಿನ ಪಾರದರ್ಶಕ ಶೀಟನ್ನು ಸೂರಿನಂಚಿಗೆ ಹಾಕಬೇಡಿ.

ಹಂಚಿನ ಮಾಡಿನವರಿಗೆ ಕೆಲಸ ಸುಲಭ. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಇಲ್ಲಿ ತಯಾರಾಗುತ್ತಿರುವ ಮಂಗಳೂರು ಹಂಚಿನ ತೂಕವೇ ಅದರ ರಕ್ಷಣೆ. ಗಾಳಿ ಜೋರಾದರೆ ಅಂಚಿನ ಕೆಲವು ಹಂಚುಗಳು ಹೋದಾವು, ಮಾಡು ಪೂರ್ತಿ ಹಾರುವುದು ಅಪರೂಪ. ಹಂಚಿನ ಅಡಿಯ ಮೂಗಿನಲ್ಲಿ ತಂತಿ ತೂರಿಸಲು ತೂತಿದ್ದರೆ ಸೂರಿನ ಸಾಲು ಮತ್ತು ನೆತ್ತಿಯ ಪಕ್ಕದ ಸಾಲನ್ನು ತಾಮ್ರದ ತಂತಿಯಿಂದ ರೀಪಿಗೆ ಕಟ್ಟಿಸಿ.

ಕೊನೆಗೆ ಹಣದ ವಿಷಯ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳು ಹೆಚ್ಚಾಗಿ ಏಳುವುದು ಮೇ–ಜೂನ್‌ನಲ್ಲಿ, ಮತ್ತೆ ಅಕ್ಟೋಬರಿನಿಂದ ಡಿಸೆಂಬರಿನೊಳಗೆ. ಮಾಡು ಹಾಕಿದ ಮೊದಲ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಕೆಲಸದವರು ಇನ್ನೊಮ್ಮೆ ಬಂದು ಪ್ರತಿ ಸ್ಕ್ರೂ, ಬೋಲ್ಟು ಪರೀಕ್ಷಿಸಬೇಕು ಎಂದು ಕರಾರಿನಲ್ಲೇ ಬರೆಸಿ, ಒಟ್ಟು ಹಣದ ಶೇ 5ನ್ನು ಅಲ್ಲಿಯವರೆಗೆ ಹಿಡಿದಿಟ್ಟುಕೊಳ್ಳಿ. ಪೂರ್ತಿ ಕೊಟ್ಟು ಮುಗಿಸಿದರೆ ಅವರು ಫೋನು ಎತ್ತುವುದಿಲ್ಲ.