ಓದುಗರ ಬಳಗಕ್ಕೆ ಕಥಾಸಂಕಲನ ಆರಿಸುವ ಬಗೆ

ಬಳಗಕ್ಕೆ ಕಾದಂಬರಿ ಆರಿಸುವುದಕ್ಕಿಂತ ಕಥಾಸಂಕಲನ ಆರಿಸುವುದು ಕಷ್ಟದ ಕೆಲಸ. ಕಾದಂಬರಿಯನ್ನು ಅರ್ಧ ಓದಿ ಬಂದವರೂ ಅದೇ ಪಾತ್ರಗಳ ವಿಷಯದಲ್ಲಿ ಮಾತಾಡಬಲ್ಲರು. ಸಂಕಲನದ ಮೂರನೆಯ ಕತೆಯನ್ನು ಒಬ್ಬರು, ಒಂಬತ್ತನೆಯದನ್ನು ಇನ್ನೊಬ್ಬರು ಓದಿ ಬಂದರೆ ಚರ್ಚೆಗೆ ನೆಲೆಯೇ ಇರುವುದಿಲ್ಲ. ಆದ್ದರಿಂದ ಪುಸ್ತಕವನ್ನು ಗೊತ್ತುಮಾಡುವ ಮೊದಲೇ ಅದರ ಯಾವ ಎರಡು ಕತೆಗಳ ಮೇಲೆ ಮಾತು ನಡೆಯಬೇಕೆಂದು ಗೊತ್ತುಮಾಡಿಕೊಳ್ಳಬೇಕು. ಅಂಥ ಜೋಡಿ ಸಿಗದ ಸಂಕಲನ ಎಷ್ಟೇ ಹೆಸರಾಂತವಾಗಿದ್ದರೂ ಬಳಗಕ್ಕೆ ಒಗ್ಗುವುದಿಲ್ಲ.

ಆ ಜೋಡಿಯನ್ನು ಹುಡುಕುವಾಗ ಮುನ್ನುಡಿ, ಬೆನ್ನುಡಿಗಳನ್ನು ಬದಿಗಿಟ್ಟು, ಮೊದಲ ಕತೆಯನ್ನೂ ದಾಟಿ, ನಡುವಿನ ಒಂದು ಕತೆಯ ಎರಡು ಪುಟಗಳನ್ನು ಗಟ್ಟಿಯಾಗಿ ಓದಿ ನೋಡಬೇಕು. ಬಾಯಲ್ಲಿ ತಡವರಿಸುವ ಗದ್ಯ ಹತ್ತು ಜನರ ನಡುವೆ ಇನ್ನಷ್ಟು ತಡವರಿಸುತ್ತದೆ. ಅನಂತರ ಒಂದೇ ಸಂಗತಿಯನ್ನು ಎರಡು ಬದಿಯಿಂದ ಮುಟ್ಟುವ ಕತೆಗಳಿವೆಯೇ ಎಂದು ನೋಡಬೇಕು. ಪೂರ್ಣಚಂದ್ರ ತೇಜಸ್ವಿಯವರ 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನವನ್ನೇ ತೆಗೆದುಕೊಳ್ಳಿ. ಶೀರ್ಷಿಕೆಯ ಕತೆಯಲ್ಲಿ ಊರಿಗೆ ಬರುವ ಕಾಗದವೇ ಬೋಬಣ್ಣನ ಬದುಕನ್ನು ಕದಡುತ್ತದೆ. ‘ತಬರನ ಕತೆ’ಯಲ್ಲಿ ಬಾರದ ಪಿಂಚಣಿ ತಬರನನ್ನು ಮುರಿದುಹಾಕುತ್ತದೆ. ಇವೆರಡನ್ನೂ ಪಕ್ಕಪಕ್ಕ ಇಟ್ಟರೆ ಸರಕಾರವೆಂಬುದು ಮಲೆನಾಡಿನ ಮೂಲೆಗೆ ಹೇಗೆ ಬಂದು ತಲುಪಿತು ಎಂಬ ಪ್ರಶ್ನೆ ಯಾರೂ ಕೇಳದೆಯೇ ಏಳುತ್ತದೆ.

ಆದರೆ ನಮ್ಮ ಸೀಮೆಯ ಕತೆಗಳಿಗೆ ಒಂದು ತೊಡಕಿದೆ. ನಮ್ಮ ಬಳಗದಲ್ಲಿ ‘ತಬರನ ಕತೆ’ಯನ್ನು ಓದಿದ ದಿನ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಪಿಂಚಣಿ ಕಡತದ ಪ್ರಸಂಗ ತೆಗೆದರು, ಅದಕ್ಕೆ ಇನ್ನೊಬ್ಬರು ಪೋಡಿ, ಪಹಣಿಯ ಅಲೆದಾಟ ಸೇರಿಸಿದರು, ಎರಡನೆಯ ಸುತ್ತು ಕಾಫಿ ಬರುವ ಹೊತ್ತಿಗೆ ತಬರ ಎಲ್ಲಿದ್ದನೋ ಯಾರಿಗೂ ನೆನಪಿರಲಿಲ್ಲ. (ಆ ಸಂಜೆ ಸೊಗಸಾಗಿಯೇ ಇತ್ತು ಎಂಬುದನ್ನೂ ಒಪ್ಪಬೇಕು.) ಮಳೆ, ತೋಟ, ಇಂಬಳಗಳನ್ನು ಬಲ್ಲವರು ಪರಿಚಿತವಾದದ್ದನ್ನು ಗುರುತಿಸುವುದರಲ್ಲಿಯೇ ತೃಪ್ತರಾಗಿ, ಕತೆಯ ಕಟ್ಟಡವನ್ನು ನೋಡುವುದಿಲ್ಲ. ಹೀಗಾಗಿ ಮಲೆನಾಡಿನ ಒಂದು ಸಂಕಲನವಾದ ಮೇಲೆ ಬೇರೆ ನೆಲದ ಒಂದನ್ನು, ಉದಾಹರಣೆಗೆ ಜಯಂತ ಕಾಯ್ಕಿಣಿಯವರ ಮುಂಬಯಿಯ ಕತೆಗಳನ್ನು, ಇಟ್ಟುಕೊಳ್ಳುವುದು ಒಳ್ಳೆಯದು.

ಸಮಗ್ರ ಕತೆಗಳ ಸಂಪುಟವನ್ನು ನಾನಂತೂ ಬಳಗಕ್ಕೆ ಸೂಚಿಸಲಾರೆ. ಕಾಲಾನುಕ್ರಮದಲ್ಲಿ ಜೋಡಿಸಿದ ಸಂಪುಟದಲ್ಲಿ ಲೇಖಕರ ಎಳೆಯ ಕೈಯ ಬರವಣಿಗೆಯೇ ಮೊದಲು ಎದುರಾಗುವುದರಿಂದ, ಉತ್ತಮವಾದದ್ದು ಸಿಗುವ ಮೊದಲೇ ಓದುಗರು ಸೋಲುತ್ತಾರೆ. ನಾವು ಒಮ್ಮೆ ಆರುನೂರು ಪುಟ ಮೀರಿದ ಸಂಪುಟವೊಂದನ್ನು ಅಡಿಕೆ ಕೊಯ್ಲಿನ ದಿನಗಳಲ್ಲೇ ಆರಿಸಿಕೊಂಡೆವು. ಒಂಬತ್ತು ಜನರಲ್ಲಿ ನೂರು ಪುಟ ದಾಟಿದವರು ಇಬ್ಬರೇ. ಹತ್ತು ಹನ್ನೆರಡು ಕತೆಗಳ ಸಂಕಲನ ಸಾಕು. ಅಡಿಕೆ ಗೊನೆ ಇಳಿಸುವ, ಸುಲಿಯುವ ತಿಂಗಳುಗಳಿಗೆ ಸಣ್ಣ ಕತೆಗಳನ್ನೂ, ಹೊರಗೆ ಕಾಲಿಡಲಾಗದ ಆಷಾಢಕ್ಕೆ ಅನಂತಮೂರ್ತಿಯವರ ‘ಸೂರ್ಯನ ಕುದುರೆ’ಯಂಥ ನೀಳ್ಗತೆಯಿರುವ ಪುಸ್ತಕವನ್ನೂ ಇಟ್ಟುಕೊಂಡರೆ ಹೊಂದುತ್ತದೆ.

ಪ್ರಶಸ್ತಿಗಳ ಪಟ್ಟಿ ಹುಡುಕಾಟದ ಆರಂಭಕ್ಕೆ ಉಪಯುಕ್ತ. ಲಂಕೇಶರ ‘ಕಲ್ಲು ಕರಗುವ ಸಮಯ’ಕ್ಕೆ 1993ರಲ್ಲಿ, ವೈದೇಹಿಯವರ ‘ಕ್ರೌಂಚ ಪಕ್ಷಿಗಳು’ ಸಂಕಲನಕ್ಕೆ 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಎರಡರಲ್ಲೂ ಮೇಲೆ ಹೇಳಿದ ಜೋಡಿಯನ್ನು ಹುಡುಕಿ ನೋಡಬಹುದು. ಬಾನು ಮುಷ್ತಾಕ್ ಅವರ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. 2025ರ ಅಂತರರಾಷ್ಟ್ರೀಯ ಬೂಕರ್ ಸಂದದ್ದು ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಹನ್ನೆರಡು ಕತೆಗಳ ಪುಸ್ತಕಕ್ಕೆ, ಮತ್ತು ಆ ಕತೆಗಳು ಮೂರು ದಶಕಗಳಿಗೂ ಮೀರಿದ ಬರವಣಿಗೆಯಿಂದ ಆಯ್ದವು. ಬಳಗದ ಅರ್ಧ ಮಂದಿ ಇಂಗ್ಲಿಷಿನಲ್ಲಿಯೂ ಉಳಿದವರು ಕನ್ನಡದಲ್ಲಿಯೂ ಓದುವುದಾದರೆ ಎರಡೂ ಪುಸ್ತಕಗಳ ಪರಿವಿಡಿಯನ್ನು ಮೊದಲು ತಾಳೆ ನೋಡಿ, ಎರಡರಲ್ಲೂ ಇರುವ ಕತೆಗಳನ್ನೇ ಆರಿಸಬೇಕು.

ಎಲ್ಲ ಗೊತ್ತಾದ ಮೇಲೂ ಪ್ರತಿಗಳು ಸಿಗುತ್ತವೆಯೇ ಎಂಬುದು ಉಳಿಯುತ್ತದೆ. ಶಿವಮೊಗ್ಗದ ಅಂಗಡಿಯಲ್ಲಿ ಒಂದು ಪ್ರತಿ ಕಂಡ ಮಾತ್ರಕ್ಕೆ ಒಂಬತ್ತು ಸಿಗುತ್ತವೆ ಎಂದಲ್ಲ; ಪ್ರಕಾಶಕರಿಗೇ ಫೋನ್ ಮಾಡಿ ಕೇಳಿ, ಅಂಚೆಯ ದಿನಗಳನ್ನೂ ಲೆಕ್ಕ ಹಿಡಿದು ತರಿಸುವುದು ಮೇಲು. ಮನೆಯ ಕಪಾಟಿನ ಹಳೆಯ ಮುದ್ರಣವೂ ಹೊಸದೂ ಬೆರೆತರೆ ಪುಟಸಂಖ್ಯೆಗಳು ಹೊಂದುವುದಿಲ್ಲವಾದ್ದರಿಂದ, ಚರ್ಚೆಯಲ್ಲಿ ಪುಟದ ಬದಲು ಕತೆಯ ಹೆಸರನ್ನೂ ಪ್ಯಾರಾದ ಮೊದಲ ಪದಗಳನ್ನೂ ಹೇಳುವುದೆಂದು ಮುಂಚಿತವಾಗಿಯೇ ಒಪ್ಪಿಕೊಳ್ಳಿ.