ಸೂಟ್‌ಕೇಸು ನೋಡಿ ಕಾರು ಕೊಳ್ಳಬೇಡಿ

ಹೊಸದಾಗಿ ಅಮೆರಿಕಕ್ಕೆ ಬಂದವರು ಮನೆ ಸಿಕ್ಕ ವಾರದಲ್ಲೇ ಈ ಪ್ರಶ್ನೆ ಕೇಳುತ್ತಾರೆ. "ಸಣ್ಣ ಎಸ್‌ಯುವಿ ತಗೊಳ್ಳೋದಾ, ಮಿಡ್‌ಸೈಜ್ ಸೆಡಾನ್ ತಗೊಳ್ಳೋದಾ?" ಕೇಳುವ ಹೊತ್ತಿಗೆ ಅವರ ಮನಸ್ಸಲ್ಲಿ ಎಸ್‌ಯುವಿ ಬುಕ್ ಆಗಿಹೋಗಿರುತ್ತದೆ. ನಾನು ಹ್ಞೂ ಅಂದರೆ ಸಾಕು. ನಾನು ಅನ್ನುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಇದೆ.

ಕಾಗದಪತ್ರದ ಮಾತು ಮೊದಲೇ ಮುಗಿಸಿಬಿಡೋಣ. ಲೈಸೆನ್ಸು, ರಿಜಿಸ್ಟ್ರೇಷನ್ನು ಒಂದೊಂದು ರಾಜ್ಯದಲ್ಲಿ ಒಂದೊಂದು ತರ, ನಿಮ್ಮದನ್ನು ಓದಿಕೊಳ್ಳಿ. ಇನ್ಶೂರೆನ್ಸ್‌ಗೆ ಮೂರು ಕಡೆಯಾದರೂ ಕೇಳಿ. ಅಷ್ಟೇ.

ನಮಗೆಲ್ಲ ಎತ್ತರದ ಗಾಡಿ ಅಂದರೆ ಒಂದು ಧೈರ್ಯ, ಅಲ್ವಾ? ಹಂಪು, ಗುಂಡಿ, ಮಳೆ ನೀರು ನೋಡಿ ಬೆಳೆದವರು ನಾವು. ಗಾಡಿಯ ಹೊಟ್ಟೆ ನೆಲಕ್ಕೆ ತಾಗಿದ ಸದ್ದು ಕೇಳಿದರೆ ಈಗಲೂ ನನ್ನ ಹೊಟ್ಟೆ ಚುರ್ ಅನ್ನುತ್ತದೆ. ಟೊಯೋಟಾದ ಸಣ್ಣ ಎಸ್‌ಯುವಿ ರ್ಯಾವ್-4ನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಅಂತರ, 8 ಇಂಚಿಗಿಂತ ಸ್ವಲ್ಪ ಜಾಸ್ತಿ, ಅದೇ ಕಂಪನಿಯ ಸೆಡಾನ್ ಕ್ಯಾಮ್ರಿಯದು 6 ಇಂಚಿಗೂ ಕಡಿಮೆ. ಆದರೆ ಇಲ್ಲಿ ಆಫೀಸಿಗೆ ಹೋಗಿ ಬರುವ ದಾರಿಯಲ್ಲಿ ಆ ಎರಡು ಇಂಚು ಯಾವ ಕೆಲಸಕ್ಕೂ ಬರುವುದಿಲ್ಲ. ಇನ್ನೂ ಬಾಚದ ಹಿಮದಲ್ಲಿ ಹೊರಡಬೇಕಾದವರಿಗೆ ಬರುತ್ತದೆ. ಉಳಿದವರಿಗೆ ಅದು ಹಳೇ ಭಯಕ್ಕೆ ಕೊಡುವ ಬಾಡಿಗೆ.

ಇನ್ನೊಂದು ವಿಷಯ. ಸಣ್ಣ ಎಸ್‌ಯುವಿ ಅಂದರೆ ಜೀಪು ಅಲ್ಲ. ಟೊಯೋಟಾ 1994ರಲ್ಲಿ ರ್ಯಾವ್-4 ತಂದಾಗ, ಹೋಂಡಾ 1995ರಲ್ಲಿ ಸಿಆರ್-ವಿ ತಂದಾಗ, ಎರಡಕ್ಕೂ ಅಡಿಯಲ್ಲಿದ್ದದ್ದು ಕಾರಿನ ಭಾಗಗಳೇ. ಸಿಆರ್-ವಿ ಅಂತೂ ಸಿವಿಕ್‌ನ ಬುಡದ ಮೇಲೆ ಎದ್ದು ನಿಂತದ್ದು. ಅಂದರೆ ನೀವು ಆರಿಸುತ್ತಿರುವುದು ಗಿಡ್ಡ ಕಾರು ಮತ್ತು ಉದ್ದ ಕಾಲಿನ ಕಾರಿನ ನಡುವೆ. ಷೋರೂಮಿನಲ್ಲಿ ಬೆಟ್ಟ ಹತ್ತುವ ವಿಡಿಯೋ ತೋರಿಸಿದರೆ ಸುಮ್ನೆ ನಕ್ಕು ಮುಂದೆ ಹೋಗಿ.

ಈಗ ನನ್ನ ಮೊದಲನೇ ಎಡವಟ್ಟು. ಬಂದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಸೆಡಾನ್ ಕೊಂಡಿದ್ದೆ. ಒಳ್ಳೇ ಗಾಡಿ, ಒಂದು ದಿನವೂ ಕೈಕೊಡಲಿಲ್ಲ. ಮಗಳಿಗೆ ವರ್ಷ ತುಂಬಿದಾಗ ಅಪ್ಪ ಅಮ್ಮ ಬಂದರು. ಅವಳ ಸೀಟನ್ನು ಬಿಚ್ಚಿ ಮನೆಯಲ್ಲಿಟ್ಟು ಒಬ್ಬನೇ ಏರ್‌ಪೋರ್ಟಿಗೆ ಹೋದೆ. ಒಬ್ಬೊಬ್ಬರಿಗೆ 23 ಕೆಜಿಯ ಎರಡೆರಡು ಪೆಟ್ಟಿಗೆ, ಒಟ್ಟು ನಾಲ್ಕು. ಉದ್ದ, ಅಗಲ, ಎತ್ತರ ಕೂಡಿದರೆ 158 ಸೆಂಟಿಮೀಟರ್ ಮೀರಬಾರದು ಅಂತ ನಿಯಮ ಇದೆಯಲ್ಲ, ಅಪ್ಪ ಟೇಪು ಹಿಡಿದು ಅಳತೆ ಮಾಡಿ 157ಕ್ಕೆ ತಂದು ನಿಲ್ಲಿಸಿದ್ದರು.

ಡಿಕ್ಕಿಯಲ್ಲಿ ಎರಡು ಕೂತವು. ಮೂರನೆಯದಕ್ಕೆ ಒಳಗೆ ಜಾಗ ಇತ್ತು, ಹೋಗಲು ಬಾಯಿ ಸಾಲದು. ಸೆಡಾನಿನ ಗುಟ್ಟು ಇದೇ ನೋಡಿ. ಡಿಕ್ಕಿ ಹಂಡೆಯಷ್ಟಿದ್ದರೂ ಬಾಯಿ ಚೊಂಬಿನಷ್ಟು. ಮುಚ್ಚಳದ ಕಬ್ಬಿಣದ ತೋಳುಗಳು ಬೇರೆ ಮುಚ್ಚುವಾಗ ಒಳಗೇ ಇಳಿಯುತ್ತವೆ. ಹಾಗಾಗಿ ಮೂರನೇ ಪೆಟ್ಟಿಗೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆ. ಯಾರೋ ಕೂತಿದ್ದಾರೆ ಅಂದುಕೊಂಡು ಕಾರು ಟಿಂಗ್ ಟಿಂಗ್ ಅಂತ ಬಡಿದುಕೊಳ್ಳತೊಡಗಿತು, ಅದಕ್ಕೂ ಬೆಲ್ಟು ಹಾಕಿದೆ. ನಾಲ್ಕನೆಯದು ಹಿಂದೆ, ಅಪ್ಪ ಅಮ್ಮನ ನಡುವೆ, ನೆಟ್ಟಗೆ. ಹೈವೇಯಲ್ಲಿ ಅರ್ಧ ದಾರಿಗೆ ಅಪ್ಪನ ದನಿ ಬಂತು: "ನಿಮ್ಮಮ್ಮ ಆ ಕಡೆ ಇದ್ದಾಳೇನೋ?"

ಎಲ್ಲರೂ ನಕ್ಕೆವು. ನನಗೆ ಮಾತ್ರ ಒಳಗೊಳಗೇ ಅವಮಾನ. ಇಷ್ಟು ದೂರದಿಂದ ಬಂದವರನ್ನು ಸರಕಿನ ಜೊತೆ ಸರಕು ಮಾಡಿ ಕರೆದುಕೊಂಡು ಹೋಗುತ್ತಿದ್ದೀನಲ್ಲ ಅಂತ. ಮುಂದಿನ ತಿಂಗಳೇ ಆ ಸೆಡಾನನ್ನು ಕೇಳಿದ ದುಡ್ಡಿಗೆ ಮಾರಿ ಎಸ್‌ಯುವಿ ತಂದೆ. ಸಾಲ 72 ತಿಂಗಳು. "ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?" ಅಂತ ಸೇಲ್ಸ್‌ನವನು ಕೇಳಿದ, ನಾನು ಪೆದ್ದನ ಹಾಗೆ ಒಂದು ಸಂಖ್ಯೆ ಹೇಳಿದೆ. ಆ ಪ್ರಶ್ನೆಗೆ ಯಾವತ್ತೂ ಉತ್ತರ ಕೊಡಬೇಡಿ. ತಿಂಗಳ ಕಂತು ಎಷ್ಟು ಬೇಕಾದರೂ ಚಿಕ್ಕದಾಗುತ್ತದೆ, ತಿಂಗಳುಗಳು ಉದ್ದ ಆಗುತ್ತವೆ, ಈಗಂತೂ 84ರವರೆಗೂ ಎಳೆಯುತ್ತಾರೆ. ತೆರಿಗೆ, ಫೀಸು ಎಲ್ಲ ಸೇರಿ ಗಾಡಿ ಹೊರಗೆ ಬರಲು ಒಟ್ಟು ಎಷ್ಟು, ಅದನ್ನು ಬರೆದುಕೊಡಲು ಹೇಳಿ. ಹಳೇ ಗಾಡಿಯಾದರೆ ಮಾರುವವನಿಗೆ ಸಂಬಂಧ ಇಲ್ಲದ ಮೆಕ್ಯಾನಿಕ್ಕಿಗೆ ತೋರಿಸಿ. ಬೇಡ ಅಂದವನ ಹತ್ತಿರ ಕೊಳ್ಳಬೇಡಿ.

ಆಮೇಲೆ ಲೆಕ್ಕ ಹಾಕಿದೆ. ಆ ನಾಲ್ಕು ಪೆಟ್ಟಿಗೆ ನಮ್ಮ ಮನೆಗೆ ಬಂದದ್ದು ಒಟ್ಟು ಮೂರು ಸಲ. ಮೂರು ಬರುವುದಕ್ಕೆ, ಮೂರು ಹೋಗುವುದಕ್ಕೆ, ಆರು ದಿನ. ಆರು ದಿನ ದೊಡ್ಡ ಗಾಡಿ ಬಾಡಿಗೆಗೆ ತಂದಿದ್ದರೆ ಮುಗಿದಿತ್ತು. ನಾವು ಬೇಕಾದಷ್ಟು ಜನ ಹೀಗೇ. ಇಲ್ಲಿ ಓಡಿಸುವ ಕಾರನ್ನು ಅಲ್ಲಿಂದ ಬರುವವರಿಗಾಗಿ ಕೊಳ್ಳುತ್ತೇವೆ. ಬರುವವರು ಬಂದಾಗ ಚೆನ್ನಾಗಿಯೇ ಇರುತ್ತದೆ. ಉಳಿದ ದಿನ ಹಿಂದಿನ ಜಾಗದಲ್ಲಿ ಒಂದು ಛತ್ರಿ, ಒಂದು ಹಿಮ ಕೆರೆಯುವ ಬ್ರಷ್ಷು ಅಡ್ಡಾಡಿಕೊಂಡಿರುತ್ತವೆ.

ಜಾಗದ ಅಂಕಿ ಬೇಕು ಅಂದರೆ: ಹೋಂಡಾದ ಸೆಡಾನ್ ಅಕಾರ್ಡಿನ ಡಿಕ್ಕಿ 16.7 ಘನ ಅಡಿ, ಕ್ಯಾಮ್ರಿಯದು ಸುಮಾರು 15. ಸಿಆರ್-ವಿಯದು ಸುಮಾರು 39. ಎರಡರಷ್ಟಕ್ಕಿಂತ ಜಾಸ್ತಿ ಅಂತ ಹಿಗ್ಗಬೇಡಿ, ಅದು ಚಾವಣಿವರೆಗಿನ ಲೆಕ್ಕ. ಅಲ್ಲಿವರೆಗೆ ತುಂಬಿದರೆ ಹಿಂದಿನ ಗಾಜು ಕಾಣುವುದಿಲ್ಲ. ಕೂರುವವರ ಕಾಲಿಗೆ ಜಾಗ ಅಂತೀರಾ? ಹಿಂದಿನ ಸೀಟಿನಲ್ಲಿ ಅಕಾರ್ಡ್ 40.8 ಇಂಚು ಕೊಡುತ್ತದೆ, ರ್ಯಾವ್-4 37.8. ಹೊರಗಿಂದ ದೊಡ್ಡದಾಗಿ ಕಾಣುವುದು ಒಳಗೂ ದೊಡ್ಡದಾಗಿರಬೇಕು ಅಂತೇನಿಲ್ಲ. ಹಿಮ್ಮುಖವಾಗಿ ಕಟ್ಟುವ ಮಗುವಿನ ಸೀಟು ಇದ್ದರೆ ಅದನ್ನು ಹೊತ್ತುಕೊಂಡೇ ಕಾರು ನೋಡಲು ಹೋಗಿ, ಅಲ್ಲೇ ಕಟ್ಟಿ, ಆಮೇಲೆ ಅದರ ಮುಂದಿನ ಸೀಟಿನಲ್ಲಿ ನಿಮ್ಮ ಮನೆಯ ಅತಿ ಉದ್ದದವರನ್ನು ಕೂರಿಸಿ. ಮಂಡಿ ಡ್ಯಾಷ್‌ಬೋರ್ಡಿಗೆ ಬಡಿದರೆ ಅವರೇ ಹೇಳುತ್ತಾರೆ.

ಹಾಗಂತ ಎಸ್‌ಯುವಿ ತಂದದ್ದೇ ತಪ್ಪಾ? ಅಲ್ಲ. ಕಾರಣ ತಪ್ಪಿತ್ತು. ಸರಿಯಾದ ಕಾರಣ ನನ್ನ ಕಣ್ಣೆದುರಿಗೇ ಇತ್ತು, ಪೆಟ್ಟಿಗೆಯ ಗಲಾಟೆಯಲ್ಲಿ ನಾನು ನೋಡಲಿಲ್ಲ. ಅಮ್ಮನ ಮಂಡಿ.

ಸೆಡಾನಿಂದ ಇಳಿಯುವಾಗ ಅಮ್ಮ ದಿನಾ ಒಂದೇ ಮಾತು ಹೇಳುತ್ತಿದ್ದಳು. "ನೀವು ಒಳಗೆ ನಡೀರಿ, ನಾನು ಬರ್ತೀನಿ." ಅವಳಿಗೆ ಸುತ್ತಲೂ ನೋಡುವ ಅಭ್ಯಾಸ, ನಿಧಾನವಾಗಿ ಬರಲಿ ಅಂತ ನಾನು ಹೋಗಿಬಿಡುತ್ತಿದ್ದೆ. ಒಂದು ದಿನ ಬೀಗದ ಕೈ ಮರೆತು ತಿರುಗಿ ಬಂದೆ. ಅಮ್ಮ ಬಾಗಿಲ ಮೇಲಿನ ಹಿಡಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಒಂದು ಸಲ ಎದ್ದು, ಆಗದೆ ಮತ್ತೆ ಕೂತು, ಉಸಿರು ಬಿಟ್ಟು, ಎರಡನೇ ಸಲಕ್ಕೆ ತಯಾರಾಗುತ್ತಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಳ್ಳುವ ಹಾಗೆ ನಟಿಸಿದಳು.

ಸೆಡಾನಿಗೆ ಇಳಿದು ಕೂರಬೇಕು, ಎದ್ದು ಬರಬೇಕು. ಎಸ್‌ಯುವಿಯ ಸೀಟು ಹೆಚ್ಚುಕಡಿಮೆ ಸೊಂಟದ ಎತ್ತರಕ್ಕೆ ಇರುತ್ತದೆ, ಸುಮ್ಮನೆ ಸರಿದು ಕೂತರೆ ಆಯಿತು. ತೀರಾ ಕುಳ್ಳಗಿರುವವರಿಗೆ ಅದೂ ಎತ್ತರವೇ, ಅದಕ್ಕೇ ಅವರನ್ನೇ ಕೂರಿಸಿ ನೋಡಬೇಕು. ಮಂಡಿ ನೋವಿನ ಹಿರಿಯರು ನಿಮ್ಮ ಜೊತೆಗೇ ಇರುತ್ತಾರೆ ಅಂದರೆ, ಇಲ್ಲವೇ ನಿಮ್ಮದೇ ಸೊಂಟ ಹಿಡಿದಿದೆ, ದಿನಕ್ಕೆ ನಾಲ್ಕು ಸಲ ಮಗುವನ್ನು ಎತ್ತಿ ಸೀಟಿಗೆ ಕಟ್ಟಬೇಕು ಅಂದರೆ, ಎಸ್‌ಯುವಿ ತಗೊಳ್ಳಿ. ನನ್ನನ್ನು ಕೇಳಲೂ ಬೇಡಿ.

ಎರಡನೇ ಎಡವಟ್ಟು ಹಿಮದ್ದು. ಆಲ್ ವೀಲ್ ಡ್ರೈವ್ ಇದೆ ಅನ್ನುವ ಧಿಮಾಕು ನನಗೆ. ಒಂದು ವರ್ಷದ ಮೊದಲ ಹಿಮಕ್ಕೆ ಅಕ್ಕಪಕ್ಕದ ಕಾರುಗಳು ಚಕ್ರ ತಿರುಗಿಸುತ್ತ ಒದ್ದಾಡುತ್ತಿದ್ದಾಗ ನಾನು ರುಯ್ಯಂತ ಹೊರಟೆ. ಹೊರಡುವುದು ಹೊರಟೆ, ನಿಲ್ಲುವುದು? ಇಳಿಜಾರಿನ ಕೊನೆಯಲ್ಲಿ ಸ್ಟಾಪ್ ಬೋರ್ಡು. ಬ್ರೇಕು ಒತ್ತಿದೆ, ಕಾಲಡಿ ಗರಗರ ಅಂತು, ಗಾಡಿ ಬೋರ್ಡನ್ನು ದಾಟಿ ಅಡ್ಡಡ್ಡ ತಿರುಗಿ ರಸ್ತೆ ನಡುವೆ ನಿಂತಿತು. ದೇವರ ದಯೆ, ಎದುರಿಗೆ ಯಾರೂ ಬರಲಿಲ್ಲ. ನಾಲ್ಕು ವರ್ಷದ ಮಗಳು ಹಿಂದಿನಿಂದ ಚಪ್ಪಾಳೆ ತಟ್ಟಿದಳು. "ಅಪ್ಪಾ, ಇನ್ನೊಂದ್ಸಲ!"

ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವುದು ಗಾಡಿ ಮುಂದೆ ಹೋಗಲಿಕ್ಕೆ. ಬ್ರೇಕು ಯಾವ ಕಾರಿನಲ್ಲೂ ನಾಲ್ಕು ಚಕ್ರಕ್ಕೂ ಇರುತ್ತದೆ. ನಿಲ್ಲಿಸುವುದು ಟೈರು. ಚಳಿ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಮಾಮೂಲಿ ಟೈರಿನ ರಬ್ಬರು ಗಟ್ಟಿಯಾಗುತ್ತ ಹೋಗುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಚಳಿಗಾಲದ ಟೈರಿನ ರಬ್ಬರೇ ಬೇರೆ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹಳುಕು, ಈ ಗುರುತು ಇದೆಯಾ ನೋಡಿ. ನಾಲ್ಕು ಒಳ್ಳೇ ಚಳಿಗಾಲದ ಟೈರು ಹಾಕಿದ ಸೆಡಾನು, ಸವೆದ ಟೈರಿನ ಎಸ್‌ಯುವಿಗಿಂತ ಮೊದಲು ನಿಲ್ಲುತ್ತದೆ. ಆಲ್ ವೀಲ್ ಡ್ರೈವೇ ಬೇಕು ಅಂದರೂ ಎಸ್‌ಯುವಿ ಬೇಕಾಗಿಲ್ಲ, 2020ರಿಂದ ಕ್ಯಾಮ್ರಿಯಲ್ಲೂ ಸಿಗುತ್ತದೆ. ಒಂದು ಕಿವಿಮಾತು: ಆಲ್ ವೀಲ್ ಡ್ರೈವ್ ಗಾಡಿಯಲ್ಲಿ ಒಂದು ಟೈರು ಹರಿದರೆ ಕೆಲವು ಸಲ ನಾಲ್ಕನ್ನೂ ಬದಲಿಸಬೇಕಾಗುತ್ತದೆ, ಸವೆತ ಒಂದೇ ಸಮ ಇರಬೇಕು. ಇದನ್ನು ಕೊಳ್ಳುವಾಗ ಯಾರೂ ಹೇಳುವುದಿಲ್ಲ.

"ಎಷ್ಟು ಕೊಡುತ್ತೆ?" ಅಂತ ಕೇಳದೆ ನಮ್ಮವರು ಕಾರಿನ ಮಾತು ಮುಗಿಸುವುದಿಲ್ಲ, ಅದಕ್ಕೆ ಅದನ್ನೂ ಹೇಳಿಬಿಡುತ್ತೇನೆ. ಸರ್ಕಾರದ ಪರಿಸರ ಸಂಸ್ಥೆ ಇಪಿಎ ಲೆಕ್ಕದಲ್ಲಿ 2025ರ ಕ್ಯಾಮ್ರಿ ಎಲ್‌ಇ ಗ್ಯಾಲನ್‌ಗೆ 51 ಮೈಲಿ, ಹೈಬ್ರಿಡ್ ಸಿಆರ್-ವಿ, ಮುಂದಿನ ಎರಡು ಚಕ್ರಕ್ಕೆ ಮಾತ್ರ ಬಲ ಹೋಗುವುದಾದರೆ, 40. ವರ್ಷಕ್ಕೆ 12,000 ಮೈಲಿ ಓಡಿಸಿದರೆ 65 ಗ್ಯಾಲನ್ ವ್ಯತ್ಯಾಸ. ಜಾಸ್ತಿ ಅನ್ನುವವರಿಗೆ ಜಾಸ್ತಿ. ಸುರಕ್ಷತೆ ಬಗ್ಗೆ ಎರಡು ಗುಂಪು ಹೊಡೆದಾಡುತ್ತದೆ. ಎತ್ತರದ ಗಾಡಿ ಮಗುಚುವ ಸಾಧ್ಯತೆ ಸ್ವಲ್ಪ ಜಾಸ್ತಿ, ನಿಜ. ಆದರೆ 2012ರ ಮಾಡೆಲ್‌ನಿಂದ ಸ್ಟೆಬಿಲಿಟಿ ಕಂಟ್ರೋಲ್, ಅಂದರೆ ಗಾಡಿ ಜಾರತೊಡಗಿದರೆ ತಾನೇ ಬ್ರೇಕು ಹಾಕಿ ಸರಿದಾರಿಗೆ ತರುವ ಏರ್ಪಾಡು, ಎಲ್ಲಕ್ಕೂ ಕಡ್ಡಾಯ. ಅದಕ್ಕಿಂತ ಹಳೆಯದು ಕೊಳ್ಳುವುದಾದರೆ ಇದೆಯಾ ಅಂತ ಕೇಳಿ.

ಮೂರನೆಯದು ಎಡವಟ್ಟು ಅನ್ನಲಾ, ಬೇರೆ ಏನಾದರೂ ಅನ್ನಲಾ ಗೊತ್ತಿಲ್ಲ.

ನಮ್ಮ ಮನೆಯಲ್ಲಿ ಮಗಳ ಕನ್ನಡ ಬೆಳೆದದ್ದು ಕಾರಿನಲ್ಲಿ. ಮನೆಯಲ್ಲಿ ಟೀವಿ ಇದೆ, ಓಡಿಹೋಗಲು ಕೋಣೆ ಇದೆ. ಕಾರಿನಲ್ಲಿ ಕಟ್ಟಿಹಾಕಿದ ಮಗು ಎಲ್ಲಿಗೆ ಹೋದೀತು? ಸ್ಕೂಲಿನ ದಾರಿಯ ಇಪ್ಪತ್ತು ನಿಮಿಷ ಬರೀ ಕನ್ನಡ ಅಂತ ನಮ್ಮಿಬ್ಬರ ಒಪ್ಪಂದ. ಏಳೆಂಟು ವರ್ಷಕ್ಕೆ ಅದು ಸೊರಗತೊಡಗಿತು. ಅವಳು ಹಿಂದಿನಿಂದ ಏನೋ ಹೇಳುವಳು, ನಾನು "ಏನು ಪುಟ್ಟಿ?" ಅನ್ನುವೆ. ಎರಡನೇ ಸಲ "ಏನು?" ಅಂದರೆ ಇಂಗ್ಲಿಷಿನಲ್ಲಿ ಹೇಳುವಳು, ಮೂರನೇ ಸಲಕ್ಕೆ "ಏನಿಲ್ಲ ಬಿಡು". ವಯಸ್ಸು, ಸ್ನೇಹಿತರು, ಇನ್ನೇನು ಮಾಡೋದು ಅಂದುಕೊಂಡಿದ್ದೆ.

ಒಮ್ಮೆ ಎಸ್‌ಯುವಿ ರಿಪೇರಿಗೆ ಹೋಗಿ, ಒಂದು ವಾರದ ಮಟ್ಟಿಗೆ ಬದಲಿಗೆ ಒಂದು ಸೆಡಾನ್ ಸಿಕ್ಕಿತು. ಎರಡನೇ ದಿನ ಹಿಂದಿನಿಂದ ದನಿ ಬಂತು. "ಅಪ್ಪಾ, ಅಜ್ಜನಿಗೆ ಹಲ್ಲು ಎಷ್ಟು ಇತ್ತು?" ಮೆಲ್ಲಗೆ, ಪಕ್ಕದಲ್ಲೇ ಕೂತ ಹಾಗೆ. ಸೆಡಾನಿನ ಡಿಕ್ಕಿ ಬೇರೆಯೇ ಒಂದು ಪೆಟ್ಟಿಗೆ. ನಡುವೆ ಸೀಟಿನ ಬೆನ್ನು, ತಗಡು. ಹಿಂದಿನ ಚಕ್ರದ ಸದ್ದು ಅಲ್ಲೇ ಅರ್ಧ ಸಾಯುತ್ತದೆ. ಎಸ್‌ಯುವಿಯಲ್ಲಿ ಡಿಕ್ಕಿಯೂ ಕೂರುವ ಜಾಗವೂ ಒಂದೇ ಹಜಾರ, ಟೈರಿನ ಭೋರು ನೇರ ಮಗುವಿನ ತಲೆ ಹಿಂದಿನಿಂದ ಬರುತ್ತದೆ. ಎಲ್ಲ ತಪ್ಪನ್ನೂ ಡಿಕ್ಕಿಯ ಮೇಲೆ ಹಾಕುವುದು ನ್ಯಾಯ ಅಲ್ಲ, ನಾನೂ ಆಫೀಸಿನ ಫೋನು ಮಾತಾಡುತ್ತ ಓಡಿಸಿದ ದಿನಗಳು ಕಡಿಮೆಯೇನಿಲ್ಲ. ಆದರೂ ಟೆಸ್ಟ್ ಡ್ರೈವ್‌ಗೆ ಹೋದಾಗ ರೇಡಿಯೋ ಆರಿಸಿ. ಸೇಲ್ಸ್‌ನವನಿಗೆ ಸ್ವಲ್ಪ ಸುಮ್ಮನಿರಲು ಹೇಳಿ. ಹಿಂದೆ ಕೂತವರನ್ನು ಮೆಲ್ಲಗೆ ಮಾತಾಡಿಸಿ.

ಅಪ್ಪ ಈಗಿಲ್ಲ. ಕೊನೇ ಸಲ ಅಮ್ಮ ಒಬ್ಬಳೇ ಬಂದಳು, ಎರಡೇ ಪೆಟ್ಟಿಗೆ. ಎಸ್‌ಯುವಿಯ ಹಿಂದೆ ಅವು ಆ ಕಡೆಯಿಂದ ಈ ಕಡೆಗೆ ಉರುಳಾಡಿಕೊಂಡು ಬಂದವು. ಇನ್ನು ಅಷ್ಟು ದೂರ ಕೂತು ಬರಲು ಆಗುವುದಿಲ್ಲ ಅಂದಿದ್ದಾಳೆ.

ಹೋದ ತಿಂಗಳು ಬೇರೆ ಕಾರು ನೋಡಲು ಹೋಗಿದ್ದೆವು. ಸೆಡಾನುಗಳೇ ಕಡಿಮೆಯಾಗುತ್ತಿವೆ. ಫೋರ್ಡ್ ಫ್ಯೂಷನ್ 2020ಕ್ಕೆ ನಿಂತಿತು, ಷೆವರ್ಲೆ ಮಾಲಿಬು 2024ಕ್ಕೆ, ಸುಬಾರು ಲೆಗಸಿಗೆ 2025ರದ್ದೇ ಕೊನೇ ಮಾಡೆಲ್. ಮಗಳಿಗೆ ಈಗ ಹದಿನೈದು, ಕಲಿಯುವ ಪರ್ಮಿಟ್ ಬಂದಿದೆ, ಎತ್ತರ ಕೂತರೆ ದಾರಿ ಚೆನ್ನಾಗಿ ಕಾಣುತ್ತದೆ ಅಂತ ಅವಳ ಓಟು ಎಸ್‌ಯುವಿಗೆ. ನಾನು ಒಂದು ಸೆಡಾನಿನ ಹಿಂದಿನ ಬಾಗಿಲು ತೆಗೆದು, ಬೆನ್ನು ಕೊಟ್ಟು ಕೂತು, ಆಮೇಲೆ ಎರಡೂ ಕಾಲು ಎತ್ತಿ ಒಳಗಿಟ್ಟೆ. ಅಮ್ಮ ಕೂರುತ್ತಿದ್ದದ್ದು ಹಾಗೆ. ಡ್ರೈವರ್ ಸೀಟು ಮುಂದಿದೆ ಸರ್ ಅಂದ ಸೇಲ್ಸ್‌ನವನು. ಅಲ್ಲಿ ಆಗಲೇ ಮಗಳು ಸ್ಟೇರಿಂಗ್ ಹಿಡಿದು ಕೂತಿದ್ದಳು.

"ಹಿಂದೆ ಯಾಕೆ ಕೂತೆ ಅಪ್ಪಾ?"

"ಕೇಳಿಸುತ್ತಾ ಅಂತ ನೋಡ್ತಿದ್ದೀನಿ" ಅಂದೆ.