ಸಿಮಿಯೆನ್ ಬೆಟ್ಟದ ಬುತ್ತಿ: ಬೆಸ್ಸೊ ಮಾಡುವುದು ಹೀಗೆ

ಇಥಿಯೋಪಿಯಾದ ಸಿಮಿಯೆನ್ ಬೆಟ್ಟಸಾಲಿಗೆ ಚಾರಣ ಹೋಗುವವರು ಸಾಮಾನನ್ನೆಲ್ಲ ದೆಬಾರ್ಕ್ ಪೇಟೆಯಲ್ಲೇ ಹೊಂದಿಸಿಕೊಂಡರೆ ಒಳ್ಳೆಯದು. ಗೀಚ್, ಚೆನ್ನೆಕ್ ಬಿಡಾರಗಳು 3,600 ಮೀಟರ್ ಎತ್ತರದ ಆಸುಪಾಸಿನಲ್ಲಿವೆ. ಅಲ್ಲಿ ನೀರು ಸುಮಾರು 88 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಬೇಳೆ ಇಟ್ಟರೆ ಬೇಯಲು ತುಂಬ ಹೊತ್ತು ಹಿಡಿಯುತ್ತದೆ, ಸುಮ್ನೆ ಉರಿ ದಂಡ. ಇಂಥ ಕಡೆ ಕೈಹಿಡಿಯುವುದು ಬೆಸ್ಸೊ, ಅಂದರೆ ಬಾರ್ಲಿಯ ಹುರಿಹಿಟ್ಟು. ಒಲೆಯ ಕೆಲಸ ಮನೆಯಲ್ಲೇ ಮುಗಿದಿರುತ್ತದೆ. ಬೆಟ್ಟದ ಮೇಲೆ ನೀರಿದ್ದರೆ ಸಾಕು.

ಬಾರ್ಲಿಯೇ ಯಾಕೆ? ಅಲ್ಲಿಯ ಹುಳಿ ದೋಸೆಯಾದ ಇಂಜೆರಾಕ್ಕೆ ಬಳಸುವ ಟೆಫ್ ಎಂಬ ಸಣ್ಣ ಧಾನ್ಯ ಇಷ್ಟು ಚಳಿ ತಡೆಯುವುದಿಲ್ಲ. ಬಾರ್ಲಿ ತಡೆಯುತ್ತದೆ. ಹಾಗಾಗಿ ಎತ್ತರದ ಹೊಲಗಳಲ್ಲಿ ಅದೇ ಜಾಸ್ತಿ.

ಮೊದಲು ಅರ್ಧ ಕಿಲೋ ಬಾರ್ಲಿ ಆರಿಸಿಕೊಳ್ಳಿ. ಹೊಟ್ಟು ಇದ್ದರೆ ನೀರು ಚಿಮುಕಿಸಿ, ಒರಳಲ್ಲಿ ಕುಟ್ಟಿ, ಕೇರಿ, ಒಣಗಿಸಿ. ಅಂಗಡಿಯ ಬಿಳಿ ಬಾರ್ಲಿಗೆ ಈ ಕೆಲಸ ಬೇಕಿಲ್ಲ.

ಆಮೇಲೆ ಹುರಿಯುವುದು. ಇಲ್ಲಿ ಅವಸರ ಬೇಡವೇ ಬೇಡ. ದಪ್ಪ ತಳದ ಬಾಣಲೆ, ಸಣ್ಣ ಉರಿ. ಕೈ ಬಿಡದೆ ಕೆದಕುತ್ತಿರಿ. ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿದರೆ ಹಿಟ್ಟು ಅಂಟಂಟಾಗುತ್ತದೆ, ಹೊಟ್ಟೆಗೂ ಭಾರ. ಒಂದು ಕಾಳನ್ನು ಕಚ್ಚಿ ನೋಡಿ. ಕಟಕ್ಕನೆ ಮುರಿದು, ನಡುವೆಯೂ ಬಣ್ಣ ತಿರುಗಿದ್ದರೆ ಇಳಿಸಿ. ಹೀಗೆ ಹುರಿದದ್ದರಲ್ಲಿ ಒಂದು ಹಿಡಿ ತೆಗೆದಿಡಿ. ಹುರಿದ ಕಡಲೆ, ಕಡಲೆಕಾಯಿ ಬೀಜ ಬೆರೆಸಿದರೆ ಅದೇ ಕೋಲೊ, ದಾರಿಯುದ್ದಕ್ಕೂ ಬಾಯಾಡಿಸಬಹುದು.

ಉಳಿದದ್ದು ಪೂರ್ತಿ ಆರಲಿ. ಒಂದು ಚಮಚ ಓಂಕಾಳನ್ನು ಬೆಚ್ಚಗೆ ಮಾಡಿ, ಉಪ್ಪಿನ ಜತೆ ಸೇರಿಸಿ ನುಣ್ಣಗೆ ಬೀಸಿ, ಜರಡಿ ಹಿಡಿಯಿರಿ. ಅಲ್ಲಿಯವರು ಕೊರೆರಿಮಾ ಎಂಬ ಏಲಕ್ಕಿ ಜಾತಿಯ ಕಾಳನ್ನೂ ಹಾಕುತ್ತಾರೆ. ಅದು ಸಿಗದಿದ್ದರೆ ಒಂದೆರಡು ಏಲಕ್ಕಿ ಸಾಕು. ತೇವ ತಾಗದ ಡಬ್ಬಿಯಲ್ಲಿ ತುಂಬಿ.

ತಿನ್ನುವಾಗ ಒಂದು ಬಟ್ಟಲು ಹಿಟ್ಟಿಗೆ ತಣ್ಣೀರನ್ನು ಚಮಚ ಚಮಚವಾಗಿ ಹಾಕಿ ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ. ಒಮ್ಮೆಲೇ ಸುರಿದರೆ ಗಂಟಾಗುತ್ತದೆ. ತೊರೆಯ ನೀರಾದರೆ ಮೊದಲೇ ಶುದ್ಧಮಾಡಿಕೊಳ್ಳಿ. ಮಸಾಲೆ ಹಾಕಿ ಕಾಯಿಸಿದ ತುಪ್ಪ, ಅಂದರೆ ನಿತಿರ್ ಕಿಬೆ, ಮತ್ತು ಬೆರ್ಬೆರೆ ಖಾರದಪುಡಿ ಸೇರಿದರೆ ಚಳಿಗೆ ಹೇಳಿಮಾಡಿಸಿದ ಊಟ. ಬೆಳಗ್ಗೆ ಅವಸರವಿದ್ದರೆ ಜೇನುತುಪ್ಪ ಹಾಕಿ ನೀರಲ್ಲಿ ಕದಡಿ ಕುಡಿಯಿರಿ.

ದಾರಿ ಉದ್ದವಿದ್ದರೆ ನೀರನ್ನೇ ಬಿಟ್ಟು ಬರೀ ತುಪ್ಪದಲ್ಲಿ ಕಲಸಿ ಒತ್ತಿಡಿ. ಇದು ಚಿಕ್ಕೊ. ನೀರಿನಂಶ ಇಲ್ಲದ್ದರಿಂದ ವಾರಗಟ್ಟಲೆ ಕೆಡುವುದಿಲ್ಲ.

ಬೆಟ್ಟದ ಜತೆಗಾರರಿಗೆ ಕೊಡುವ ಮುಂಚೆ ವಾರ ಯಾವುದು ನೋಡಿ. ಬುಧವಾರ, ಶುಕ್ರವಾರ ಆರ್ಥೊಡಾಕ್ಸ್ ಕ್ರೈಸ್ತರಿಗೆ ವ್ರತ, ತುಪ್ಪ ಮುಟ್ಟುವುದಿಲ್ಲ. ಆ ದಿನ ನೂಗ್ ಎಣ್ಣೆಯಲ್ಲಿ ಕಲಸಿ. ನೂಗ್ ಅಂದರೆ ನಮ್ಮ ಹುಚ್ಚೆಳ್ಳೇ. ಅದರ ತವರೂ ಇಥಿಯೋಪಿಯಾದ ಎತ್ತರದ ನಾಡೇ.